ನಾಲ್ಕು ಸ್ಟ್ರಿಪ್ ಬೇಕಿತ್ತು, ಎರಡೇ ಒಯ್ದರು: ಬೆಟಗೇರಿಯ ಒಂದು ವಿಮೆ ಪ್ರಕರಣ

2025ರ ಜುಲೈ 24, ಗುರುವಾರ. ರಾತ್ರಿ ಅಂಗಡಿ ಬಾಗಿಲು ಹಾಕುವ ಮೊದಲು ದಿನದ ಬಿಲ್‌ಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ಗದಗ-ಬೆಟಗೇರಿಯಲ್ಲಿ 19 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಒಂದು ಬಿಲ್ ಮೇಲೆ ಕಣ್ಣು ನಿಂತಿತು. ನಮ್ಮ ಡ್ರಾಯಿಂಗ್ ಮಾಸ್ತರರದ್ದು. ಅವರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದು ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯಲು ಅವರಿಗೆ ಟಿಕಾಗ್ರೆಲರ್ ಬರೆದಿದ್ದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಸ್ಟ್ರಿಪ್‌ನಲ್ಲಿ 14 ಗುಳಿಗೆ. ಅಂದರೆ 28 ದಿನಕ್ಕೆ ನಾಲ್ಕು ಸ್ಟ್ರಿಪ್ ಬೇಕು. ಅವರು ಒಯ್ದದ್ದು ಎರಡು. ಅದೂ ಬರಬೇಕಾದ ದಿನಕ್ಕಿಂತ ಒಂಬತ್ತು ದಿನ ತಡವಾಗಿ.

ಅಂಗಡಿಯ ಹುಡುಗನನ್ನು ಕೇಳಿದೆ. "ಮನ್ಯಾಗ ಇನ್ನೂ ಅದಾವು, ಎರಡ ಸಾಕು ಅಂದ್ರು ಅಣ್ಣಾ" ಅಂದ. ಇರಲು ಸಾಧ್ಯವೇ ಇಲ್ಲ. ಜೂನ್ 17ಕ್ಕೆ 56 ಗುಳಿಗೆ ಒಯ್ದವರು ಸರಿಯಾಗಿ ತೆಗೆದುಕೊಂಡಿದ್ದರೆ ಜುಲೈ 15ಕ್ಕೆ ಡಬ್ಬಿ ಖಾಲಿ ಆಗಬೇಕಿತ್ತು.

ಈ ಬರಹ ಆ ಎರಡು ಸ್ಟ್ರಿಪ್‌ಗಳ ಹಿಂದೆ ಏನಿತ್ತು ಅನ್ನುವುದರ ಬಗ್ಗೆ. ಮಾಸ್ತರರೂ ಅವರ ಮನೆಯವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಆಸ್ಪತ್ರೆ ಮತ್ತು ವಿಮಾ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಬಿಲ್‌ಗಳನ್ನು ನಾನೇ ಕೂತು ಲೆಕ್ಕ ಹಾಕಿದ್ದರಿಂದ ಅಂಕಿಗಳನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ಮನೆಯ ಪರಿಸ್ಥಿತಿ

ಮಾಸ್ತರರಿಗೆ 65 ವರ್ಷ. ಖಾಸಗಿ ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದರು. ನನಗೂ ಅವರೇ ಕಲಿಸಿದ್ದು. ಸರ್ಕಾರಿ ನೌಕರಿ ಅಲ್ಲ, ಹಾಗಾಗಿ ದೊಡ್ಡ ಪಿಂಚಣಿ ಇಲ್ಲ. ಭವಿಷ್ಯನಿಧಿಯ ಇಪಿಎಸ್ ಪಿಂಚಣಿ ತಿಂಗಳಿಗೆ 2,900 ರೂಪಾಯಿ ಬರುತ್ತದೆ. ಈ ಯೋಜನೆಯ ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ ಅನ್ನುವುದನ್ನು ನೆನೆದರೆ ಇದು ಕಡಿಮೆಯಲ್ಲ ಅನ್ನಬೇಕೇನೋ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ, ಅವರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮಗ ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ವರ್ಕ್‌ಶಾಪಿನಲ್ಲಿದ್ದಾನೆ. ಸಂಬಳ 27,000. ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಅಪ್ಪ-ಅವ್ವನಿಗೆ ತಿಂಗಳಿಗೆ 6,000 ಕಳಿಸುತ್ತಿದ್ದ.

2021ರವರೆಗೆ ಈ ಮನೆಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇತ್ತು. ಮಗನ ಸಂಬಳ 21,000 ದಾಟಿದ ಮೇಲೆ ಅದು ತಪ್ಪಿತು. ಆ ಮಿತಿ 2017ರಿಂದ ಬದಲಾಗಿಲ್ಲ. ಸಂಬಳ ಏರಿದ ಖುಷಿಯಲ್ಲಿ ಏನು ಕಳೆದುಕೊಂಡೆವು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಇಎಸ್‌ಐನಲ್ಲಿ ನೌಕರನ ಸಂಬಳದಿಂದ ಶೇ. 0.75 ಮುರಿಯುತ್ತಾರೆ, ಮಾಲೀಕ ಶೇ. 3.25 ಕಟ್ಟುತ್ತಾನೆ. ಅವಲಂಬಿತ ತಂದೆ-ತಾಯಿಗೂ ಚಿಕಿತ್ಸೆ ಇದೆ. ಎಲ್ಲಕ್ಕಿಂತ ಮುಖ್ಯ, ಆಸ್ಪತ್ರೆಗೆ ಸೇರದೆ ಬರೀ ಗುಳಿಗೆ ಬೇಕಾದವರಿಗೂ ಗುಳಿಗೆ ಕೊಡುತ್ತಾರೆ, ರೋಗಿ ಪಾಲು ಕೊಡಬೇಕಿಲ್ಲ. ಹುಬ್ಬಳ್ಳಿಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿ ಕಾಯಬೇಕು, ಕೆಲವು ಔಷಧಿ ಆ ದಿನ ಸಿಗದೇ ಇರಬಹುದು. ಆದರೂ ತಿಂಗಳ ಗುಳಿಗೆಗೆ ಜೇಬಿಗೆ ಕೈ ಹಾಕುವ ಪ್ರಸಂಗ ಕಡಿಮೆ.

ಆ ಜಾಗಕ್ಕೆ ಬಂದದ್ದು 5 ಲಕ್ಷ ರೂಪಾಯಿಯ ಖಾಸಗಿ ಪಾಲಿಸಿ. ಗಂಡ-ಹೆಂಡತಿ ಇಬ್ಬರಿಗೂ ಸೇರಿ. ವರ್ಷದ ಪ್ರೀಮಿಯಂ 27,500, ಅದರ ಮೇಲೆ ಜಿಎಸ್‌ಟಿ 4,950. ಮಗನೇ ಕಟ್ಟುತ್ತಿದ್ದ. ಪಾಲಿಸಿ ಮಾಡಿಸುವಾಗ ಮಾಸ್ತರರಿಗೆ 61 ಆಗಿತ್ತು. 60 ದಾಟಿ ಸೇರಿದ್ದರಿಂದ ಶೇ. 20 ಕೋ-ಪೇ ಷರತ್ತು ಬಂತು. ಅಂದರೆ ಒಪ್ಪಿತವಾದ ಪ್ರತಿ 100 ರೂಪಾಯಿಯಲ್ಲಿ 20 ರೋಗಿಯದು. ಇನ್ನೊಂದು ಷರತ್ತೂ ಇತ್ತು. ಕೋಣೆ ಬಾಡಿಗೆ ದಿನಕ್ಕೆ ವಿಮೆ ಮೊತ್ತದ ಶೇ. 1, ಅಂದರೆ 5,000 ರೂಪಾಯಿ ಮೀರಬಾರದು. ಕೋ-ಪೇ ಬಗ್ಗೆ ಮಗನಿಗೆ ಗೊತ್ತಿತ್ತು. ಕೋಣೆಯ ಷರತ್ತು ಗೊತ್ತಿರಲಿಲ್ಲ. ಎರಡರಲ್ಲಿ ಜಾಸ್ತಿ ಕೊಯ್ದದ್ದು ಗೊತ್ತಿಲ್ಲದ್ದೇ.

ಮೇ 29ರ ರಾತ್ರಿ

ಊಟ ಮುಗಿಸಿ ಎದ್ದಾಗ ಎದೆ ಹಿಡಿದುಕೊಂಡಿತು. ಬೆವರು ಇಳಿಯಿತು. ಗದಗಿನಲ್ಲಿ ಇಸಿಜಿ ನೋಡಿದ ಡಾಕ್ಟರು ಅಲ್ಲಿಯೇ ಮೊದಲ ಔಷಧಿ ಕೊಟ್ಟು, "ತಡಾ ಮಾಡಬ್ಯಾಡ್ರಿ, ಹುಬ್ಬಳ್ಳಿಗೆ ಕರ್ಕೊಂಡ ಹೋಗ್ರಿ" ಅಂದರು. ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಆ ರಾತ್ರಿಯೇ ಆಂಜಿಯೋಪ್ಲಾಸ್ಟಿ ಆಯಿತು. ಚಿಕಿತ್ಸೆ ಚೆನ್ನಾಗಿಯೇ ಆಯಿತು, ಅದರಲ್ಲಿ ನನಗೆ ಸಂಶಯವಿಲ್ಲ.

ಮಾರನೇ ದಿನ ಐಸಿಯುನಿಂದ ಕೋಣೆಗೆ ತರುವಾಗ ಕೌಂಟರಿನಲ್ಲಿ ಕೇಳಿದರು: "ಇನ್ಶುರೆನ್ಸ್ ಐತೆಲ್ರೀ, ಸಿಂಗಲ್ ರೂಮ್ ಹಾಕ್ಲೇನು?" ಮಗ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ. ಅಪ್ಪ ಉಳಿದರಲ್ಲ, ಅಷ್ಟೇ ಸಾಕು ಅನ್ನುವ ಮನಸ್ಥಿತಿ. ಹೂಂ ಅಂದ. ದಿನಕ್ಕೆ 8,000 ರೂಪಾಯಿಯ ಕೋಣೆ. 5,000ದ ಕೋಣೆ ಖಾಲಿ ಇದೆಯಾ ಅಂತ ಕೇಳಬೇಕು ಅನ್ನುವುದೇ ಅವನಿಗೆ ತಿಳಿದಿರಲಿಲ್ಲ. ಮೂರು ದಿನಕ್ಕೆ 9,000 ಹೆಚ್ಚು ಆಗುತ್ತೆ, ಅಷ್ಟೇ ತಾನೇ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಆ ಹೂಂ ಎಷ್ಟಕ್ಕೆ ಬಿತ್ತು ಅಂತ ಮುಂದೆ ಹೇಳುತ್ತೇನೆ.

ಜೂನ್ 2ಕ್ಕೆ ಡಿಸ್ಚಾರ್ಜ್. ಬಿಲ್ 2,10,000 ರೂಪಾಯಿ. ವಿಮಾ ಕಂಪನಿ ಒಪ್ಪಿದ್ದು 1,05,700. ಕೌಂಟರಿನಲ್ಲಿ ಕಟ್ಟಬೇಕಾದದ್ದು 1,04,300.

ಮಗನಿಗೆ ಕೋ-ಪೇ ಶೇ. 20 ಅಂತ ಮಾತ್ರ ಗೊತ್ತಿತ್ತು. 42,000 ಆಗಬಹುದು ಅಂದುಕೊಂಡಿದ್ದ. ಸಾಯಂಕಾಲದೊಳಗೆ ಅಷ್ಟನ್ನೂ ಹೊಂದಿಸಿದರು. ಕೂಡಿಟ್ಟ 25,000, ಪತ್ತಿನ ಸಂಘದಿಂದ 50,000 ಸಾಲ, ಅಕ್ಕನ ಪಾಟ್ಲಿ ಅಡವಿಟ್ಟು 29,300.

ಬಿಲ್ಲನ್ನು ಬಿಡಿಸಿ ನೋಡಿದಾಗ

ಈ ಭಾಗ ಸ್ವಲ್ಪ ಲೆಕ್ಕದ್ದು. ದಯವಿಟ್ಟು ಓದಿ, ನಿಮ್ಮ ಮನೆಯ ಪಾಲಿಸಿಯಲ್ಲೂ ಇದೇ ಷರತ್ತು ಇರಬಹುದು.

ಬಿಲ್ಲಿನಲ್ಲಿ ಇದ್ದದ್ದು: ಐಸಿಯು ಒಂದು ದಿನಕ್ಕೆ 9,000. ಕೋಣೆ ಮೂರು ದಿನಕ್ಕೆ 24,000. ಡಾಕ್ಟರ ಶುಲ್ಕ, ಕ್ಯಾಥ್ ಲ್ಯಾಬ್, ನರ್ಸಿಂಗ್ ಎಲ್ಲ ಸೇರಿ 80,000. ಸ್ಟೆಂಟ್ 36,000. ಔಷಧಿ ಮತ್ತು ಸಾಮಗ್ರಿ 48,000. ಪರೀಕ್ಷೆಗಳು 13,000.

ಕಂಪನಿ ಮೊದಲು ಔಷಧಿ-ಸಾಮಗ್ರಿಯಿಂದ 4,000 ತೆಗೆದಿತ್ತು. ಕೈಗವಸು, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಡೈಪರ್ ಇಂಥವು. ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿಯಲ್ಲಿ ಇಂಥ 68 ವಸ್ತುಗಳಿವೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಿರದಿದ್ದರೆ ಅವಕ್ಕೆ ಹಣ ಬರುವುದಿಲ್ಲ. ಇದು ಸರಿ.

ಆಮೇಲೆ ಕೋಣೆಯ ಲೆಕ್ಕ. 8,000ದ ಕೋಣೆಗೆ 5,000 ಮಾತ್ರ ಅರ್ಹ, ಅಂದರೆ ಶೇ. 62.5. ಇಲ್ಲಿಯೇ ಬಹಳ ಜನ ಮೋಸ ಹೋಗುವುದು. ಕಂಪನಿ ಬರೀ ಬಾಡಿಗೆಯನ್ನು ಕಡಿಮೆ ಮಾಡುವುದಿಲ್ಲ. ದುಬಾರಿ ಕೋಣೆ ಹಿಡಿದರೆ ಡಾಕ್ಟರ ಶುಲ್ಕವೂ ಆಪರೇಷನ್ ಶುಲ್ಕವೂ ಆ ಕೋಣೆಯ ದರ್ಜೆಗೆ ತಕ್ಕಂತೆ ಏರುತ್ತವೆ, ಹಾಗಾಗಿ ಅವನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತೇವೆ ಅನ್ನುವುದು ಅವರ ವಾದ. ವಾದಕ್ಕೆ ಒಂದು ಅರ್ಥ ಇದೆ. ಬಾಡಿಗೆಯಲ್ಲಿ 9,000 ಹೋಯಿತು, 80,000ದಲ್ಲಿ 30,000 ಹೋಯಿತು.

ಆದರೆ ಕಂಪನಿ ಅಲ್ಲಿಗೆ ನಿಲ್ಲಿಸಲಿಲ್ಲ. ಸ್ಟೆಂಟ್‌ನಲ್ಲಿ 13,500 ಕಡಿತ. ಔಷಧಿಯಲ್ಲಿ 16,500 ಕಡಿತ. ಪರೀಕ್ಷೆಯಲ್ಲಿ 4,875 ಕಡಿತ. ಉಳಿದ 1,32,125ರ ಮೇಲೆ ಮತ್ತೆ ಶೇ. 20 ಕೋ-ಪೇ, ಅಂದರೆ 26,425. ಕೊನೆಗೆ ಕೊಟ್ಟದ್ದು 1,05,700.

ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು ಇಂಜೆಕ್ಷನ್‌ನ ಎಂಆರ್‌ಪಿ ಜನರಲ್ ವಾರ್ಡಿನಲ್ಲೂ ಅಷ್ಟೇ, ಸಿಂಗಲ್ ರೂಮಿನಲ್ಲೂ ಅಷ್ಟೇ. ಸ್ಟೆಂಟ್ ಬೆಲೆಗೆ 2017ರ ಫೆಬ್ರವರಿಯಿಂದ ಸರ್ಕಾರವೇ ಮಿತಿ ಹಾಕಿದೆ. ಕೋಣೆಯಲ್ಲಿ ಎಸಿ ಇದೆ ಅಂತ ಅದರ ದರ ಏರುವುದಿಲ್ಲ. ಹಾಗಿದ್ದಾಗ ಕೋಣೆ ನೋಡಿ ಔಷಧಿಯ ಹಣ ಕಡಿಯುವುದು ಯಾವ ನ್ಯಾಯ?

ಇದು ಬರೀ ನನ್ನ ಅಭಿಪ್ರಾಯ ಅಲ್ಲ. 2020ರ ಜೂನ್‌ನಲ್ಲಿ ಐಆರ್‌ಡಿಎಐ ಇದನ್ನೇ ಹೇಳಿದೆ. ಕೋಣೆ ಬಾಡಿಗೆಯ ಪ್ರಮಾಣದಲ್ಲಿ ಕಡಿತ ಮಾಡುವಾಗ ಔಷಧಿ ಮತ್ತು ಸಾಮಗ್ರಿ, ದೇಹದೊಳಗೆ ಇಡುವ ಸಾಧನ, ಪರೀಕ್ಷೆ ಈ ಮೂರನ್ನು ಮುಟ್ಟಬಾರದು. ಐಸಿಯು ಶುಲ್ಕಕ್ಕೂ ಈ ಕಡಿತ ಇಲ್ಲ. ಕೋಣೆಗೆ ತಕ್ಕಂತೆ ಬೇರೆ ಬೇರೆ ದರ ಹಾಕದ ಆಸ್ಪತ್ರೆಯಾದರೆ ಈ ಕಡಿತವನ್ನೇ ಮಾಡುವಂತಿಲ್ಲ.

ಸರಿಯಾದ ಲೆಕ್ಕ ಹೀಗೆ ಬರುತ್ತದೆ. ಒಪ್ಪಿತ ಮೊತ್ತ 1,67,000. ಕೋ-ಪೇ 33,400. ಕಂಪನಿ ಕೊಡಬೇಕಾದದ್ದು 1,33,600. ಮಾಸ್ತರರ ಪಾಲು 76,400. ಅಂದರೆ 27,900 ರೂಪಾಯಿ ಸುಮ್ನೆ ಹೆಚ್ಚಿಗೆ ಕಟ್ಟಿದ್ದರು.

ಇನ್ನು ಆ ಹೂಂ ಎಷ್ಟಕ್ಕೆ ಬಿತ್ತು? 5,000ದ ಕೋಣೆಯನ್ನೇ ಹಿಡಿದಿದ್ದರೆ, ಉಳಿದ ಖರ್ಚೆಲ್ಲ ಅಷ್ಟೇ ಇದ್ದರೂ, ಮಾಸ್ತರರ ಪಾಲು 43,400 ಆಗುತ್ತಿತ್ತು. ಕಟ್ಟಿದ್ದು 1,04,300. ಬಾಡಿಗೆಯಲ್ಲಿ 9,000 ವ್ಯತ್ಯಾಸ, ಜೇಬಿನಲ್ಲಿ 60,900 ವ್ಯತ್ಯಾಸ.

ಔಷಧಿ ಮಾರುವವನಾಗಿ ಇನ್ನೊಂದು ಮಾತು ಹೇಳಲೇಬೇಕು. ಕೋ-ಪೇ ಬೀಳುವುದು ಎಂಆರ್‌ಪಿ ಮೇಲೆ. ಆಸ್ಪತ್ರೆಯ ಫಾರ್ಮಸಿ ಎಂಆರ್‌ಪಿಗೆ ಮಾರುವುದು ಕಾನೂನಿನ ಪ್ರಕಾರ ತಪ್ಪಲ್ಲ. ಆದರೆ ಆಸ್ಪತ್ರೆಗೆಂದೇ ಬರುವ ಎಷ್ಟೋ ಇಂಜೆಕ್ಷನ್, ಕ್ಯಾನುಲಾ, ಡ್ರಿಪ್ ಸೆಟ್‌ಗಳ ಖರೀದಿ ದರಕ್ಕೂ ಎಂಆರ್‌ಪಿಗೂ ದೊಡ್ಡ ಅಂತರ ಇರುತ್ತದೆ. 100 ರೂಪಾಯಿಗೆ ಕೊಂಡ ವಸ್ತುವಿಗೆ 500 ಎಂಆರ್‌ಪಿ ಇದೆ ಅಂದುಕೊಳ್ಳಿ. ಶೇ. 20 ಕೋ-ಪೇ ಅಂದರೆ ರೋಗಿ ಕೊಡುವುದೇ 100. ಕೊಂಡ ಬೆಲೆ ಪೂರಾ ರೋಗಿಯ ಜೇಬಿನಿಂದಲೇ ಬಂತು. ಅದಕ್ಕೆ ಪಾಲು ಅನ್ನುವ ಹೆಸರು ಬೇರೆ.

ಜೂನ್ ಮುಗಿದ ಮೇಲೆ

ಆಸ್ಪತ್ರೆಯಿಂದ 15 ದಿನದ ಗುಳಿಗೆ ಕೊಟ್ಟು ಕಳಿಸಿದ್ದರು. ಅದು ಮುಗಿದು ಜೂನ್ 17ಕ್ಕೆ ನನ್ನಲ್ಲಿಗೆ ಬಂದರು. 28 ದಿನದ ಬಿಲ್ 3,300 ರೂಪಾಯಿ. ಟಿಕಾಗ್ರೆಲರ್ ಒಂದೇ 1,520. ಕೊಲೆಸ್ಟರಾಲ್ ಗುಳಿಗೆ 430, ಬಿಪಿಯ ಎರಡು ಬಗೆ 460, ಆಸಿಡಿಟಿಯದು 260, ಶುಗರಿನದು 620. ಆಸ್ಪಿರಿನ್ 10 ರೂಪಾಯಿ. ವರ್ಷಕ್ಕೆ ಇಂಥ 13 ಬಿಲ್, 42,900. ಸರಿಯಾದ ಕೋಣೆ ಹಿಡಿದಿದ್ದರೆ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಪಾಲಿಗೆ ಹೆಚ್ಚೂಕಡಿಮೆ ಸಮ. ವ್ಯತ್ಯಾಸ ಇಷ್ಟೇ, ಅದು ಒಂದು ಸಲದ್ದು, ಇದು ಪ್ರತಿ ವರ್ಷದ್ದು.

ಮೊದಲ ಕೆಲವು ವಾರ ಬಿಟ್ಟರೆ ಈ ಗುಳಿಗೆಗಳಿಗೆ ಪಾಲಿಸಿ ಏನೂ ಕೊಡುವುದಿಲ್ಲ. ನಮ್ಮಲ್ಲಿನ ಬಹುತೇಕ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರಿಗೆ ಮಾತ್ರ. ಡಿಸ್ಚಾರ್ಜ್ ಆದಮೇಲೆ ಸಾಮಾನ್ಯವಾಗಿ 60 ದಿನದವರೆಗೆ ಅದೇ ಕಾಯಿಲೆಯ ಔಷಧಿ, ಪರೀಕ್ಷೆ, ಡಾಕ್ಟರ ಫೀ ಸಿಗುತ್ತದೆ. ಅದರ ನಂತರ ರೋಗಿಯ ಪಾಲು ನೂರಕ್ಕೆ ನೂರು. ಕೋ-ಪೇ ಶೇ. 20ಆ, 10ಆ ಅಂತ ಜಗಳ ಮಾಡಿ ಪಾಲಿಸಿ ಕೊಳ್ಳುತ್ತೇವೆ. ಈ ಶೇ. 100ರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ಜೂನ್ 30ಕ್ಕೆ ಪತ್ತಿನ ಸಂಘದ ಮೊದಲ ಕಂತು ಬಂತು, 4,440 ರೂಪಾಯಿ. ಕಟ್ಟಿದ್ದು ಮಗ. ಅಪ್ಪನಿಗೆ ಕಳಿಸುವ 6,000 ಆ ತಿಂಗಳು 3,000 ಆಯಿತು. ಮಗ ಕಾರಣ ಹೇಳಲಿಲ್ಲ, ಅಪ್ಪ ಕೇಳಲಿಲ್ಲ.

ಜುಲೈ 1ರಿಂದ ಮಾಸ್ತರರು ರಾತ್ರಿಯ ಟಿಕಾಗ್ರೆಲರ್ ಬಿಟ್ಟರು.

ಜುಲೈ 25ರ ಬೆಳಿಗ್ಗೆ ಎರಡು ಸ್ಟ್ರಿಪ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಹಳೆಯ ಡಬ್ಬಿ ತೋರಿಸ್ರಿ ಸರ್ ಅಂದೆ. ಹಿಂದಿನ ದಿನ ಅಂಗಡಿಗೆ ಬಂದಾಗ ಹಳೆಯ 56ರಲ್ಲಿ ನಾಲ್ಕು ಉಳಿದಿದ್ದವಂತೆ. ಜೂನ್‌ನ 14 ದಿನ ದಿನಕ್ಕೆರಡು, ಜುಲೈನ 24 ದಿನ ದಿನಕ್ಕೊಂದು. ಲೆಕ್ಕ ಸರಿಯಾಗಿ ಕೂಡಿತು.

"ಪೂರಾ ಬಿಟ್ಟಿಲ್ಲಲ್ಲ ತಮ್ಮಾ, ಒಂದ ತಗೊಳ್ಳಾಕತ್ತೇನಿ" ಅಂದರು. ತಪ್ಪು ಮಾಡಿದ ಹುಡುಗನ ಮುಖ ಇತ್ತು ಅವರದು. ನನಗೆ ನೋಡಲಾಗಲಿಲ್ಲ. ಒಳಗಿನಿಂದ ಬಂದ ಅಕ್ಕ, "ನನಗೂ ಹೇಳಿಲ್ಲ ನೋಡ್ರೀ. ನುಂಗಿದ್ರ್ಯಾ ಅಂದ್ರ ಹೂಂ ಅಂತಿದ್ರು" ಅಂದರು.

ಜುಲೈ 2ಕ್ಕೆ ಹುಬ್ಬಳ್ಳಿಗೆ ತೋರಿಸಲು ಹೋದಾಗ ಡಾಕ್ಟರೂ ಕೇಳಿದ್ದರಂತೆ, ಗುಳಿಗೆ ಸರಿಯಾಗಿ ತಗೋತೀರಾ ಅಂತ. ಹೌದ್ರೀ ಅಂದಿದ್ದರು. ಡಾಕ್ಟರಿಗೆ ಗೊತ್ತಾಗುವುದು ಹೇಗೆ? ವಿಮಾ ಕಂಪನಿಗೆ ಗೊತ್ತಾಗುವ ದಾರಿಯೇ ಇಲ್ಲ. ಈ ಊರಲ್ಲಿ ಗೊತ್ತಾಗಬಹುದಾದ ಒಂದೇ ಜಾಗ ನನ್ನ ಅಂಗಡಿಯ ಕಂಪ್ಯೂಟರ್.

ಟಿಕಾಗ್ರೆಲರ್‌ನ ಗುಣ ಹೇಗೆಂದರೆ, ಅದರ ಪರಿಣಾಮ ಅರ್ಧ ದಿನದ ಹೊತ್ತಿಗೆ ಇಳಿಯತೊಡಗುತ್ತದೆ. ಅದಕ್ಕೇ ದಿನಕ್ಕೆ ಎರಡು ಸಲ. ಹೊಸ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಮತ್ತೊಂದು ಹೃದಯಾಘಾತ, ಮೊದಲಿನದಕ್ಕಿಂತ ಕೆಟ್ಟದ್ದೂ ಆಗಬಹುದು. ಮೊದಲ ತಿಂಗಳುಗಳಲ್ಲೇ ಆ ಅಪಾಯ ಜಾಸ್ತಿ. ಎರಡು ಲಕ್ಷ ಖರ್ಚು ಮಾಡಿ ಇಟ್ಟ ಸ್ಟೆಂಟ್‌ಗೆ ಕಾವಲಾಗಿದ್ದ ಗುಳಿಗೆ ರಾತ್ರಿ ಹೊತ್ತು ಇರಲೇ ಇಲ್ಲ. ಯಾಕೆ ಟಿಕಾಗ್ರೆಲರ್ ಅನ್ನೇ ಬಿಟ್ಟಿರಿ ಅಂತ ಕೇಳಿದೆ. "ಅದs ತುಟ್ಟಿ ಇತ್ತಲ್ಲ" ಅಂದರು. ದುಡ್ಡು ಕಡಿಮೆಯಾದಾಗ ಜನ ಬಿಡುವುದು ಬೇಡದ ಗುಳಿಗೆಯನ್ನಲ್ಲ, ದುಬಾರಿ ಗುಳಿಗೆಯನ್ನು. ಆಸಿಡಿಟಿಯ ಗುಳಿಗೆ ಒಂದು ದಿನವೂ ತಪ್ಪಿರಲಿಲ್ಲ.

ರೋಗಿಯೂ ಸ್ವಲ್ಪ ಹಣ ಕೊಟ್ಟರೆ ಬೇಡದ ಖರ್ಚು ನಿಲ್ಲುತ್ತದೆ ಅನ್ನುವುದು ಕೋ-ಪೇ ಹಿಂದಿನ ತರ್ಕ. ಸಣ್ಣ ಜ್ವರಕ್ಕೆ ಹತ್ತು ಟೆಸ್ಟ್ ಮಾಡಿಸುವವರ ವಿಷಯದಲ್ಲಿ ಅದು ನಿಜ ಇರಬಹುದು. ಆದರೆ ಸ್ಟೆಂಟ್ ಹಾಕಿಸಿಕೊಂಡವರ ಗುಳಿಗೆ ಬೇಡದ ಖರ್ಚೇ?

ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿನ ವಿಮೆಯಲ್ಲಿ ಮನೆಗೆ ಒಯ್ಯುವ ಗುಳಿಗೆಗೂ ಹಣ ಸಿಗುತ್ತದೆ, ರೋಗಿ ಒಂದು ಪಾಲು ಕೊಡಬೇಕು. 2011ರಲ್ಲಿ ಪ್ರಕಟವಾದ ಎಂಐ ಫ್ರೀ ಅನ್ನುವ ಅಧ್ಯಯನದಲ್ಲಿ ಹೃದಯಾಘಾತ ಆದ 5,855 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೋಗಿಯ ಪಾಲನ್ನು ಪೂರ್ತಿ ತೆಗೆದುಹಾಕಿದರು. ಆ ಗುಂಪಿನಲ್ಲಿ ಗುಳಿಗೆ ಸರಿಯಾಗಿ ತೆಗೆದುಕೊಳ್ಳುವುದು 4ರಿಂದ 6 ಶೇಕಡಾ ಅಂಶ ಹೆಚ್ಚಿತು. ಅವರು ಮುಖ್ಯವಾಗಿ ಅಳೆದ ಫಲಿತಾಂಶದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯ-ರಕ್ತನಾಳದ ತೊಂದರೆಗಳ ಒಟ್ಟು ಸಂಖ್ಯೆ ಕಡಿಮೆಯಾಯಿತು, ವಿಮಾ ಕಂಪನಿಯ ಒಟ್ಟು ಖರ್ಚೂ ಏರಲಿಲ್ಲ. ಉಚಿತ ಕೊಟ್ಟರೂ ಬಹಳ ಜನ ಗುಳಿಗೆ ತಪ್ಪಿಸುತ್ತಲೇ ಇದ್ದರು ಅನ್ನುವುದನ್ನೂ ಹೇಳಬೇಕು. ಹಣ ಒಂದೇ ಕಾರಣ ಅಲ್ಲ. ಮಾಸ್ತರರ ವಿಷಯದಲ್ಲಿ ಮಾತ್ರ ಅದೊಂದೇ ಕಾರಣ.

ಮಾಡಿದ್ದೇನು

ಮೊದಲು ಆ ದಿನವೇ ರಾತ್ರಿಯ ಗುಳಿಗೆ ಮತ್ತೆ ಶುರು ಮಾಡಿಸಿದೆ. ದುಡ್ಡು ಆಮೇಲೆ ಕೊಡ್ರಿ ಅಂದೆ. ಹುಬ್ಬಳ್ಳಿಯ ಡಾಕ್ಟರಿಗೆ ಮಗನ ಫೋನಿನಿಂದ ಎಲ್ಲ ತಿಳಿಸಿದೆವು. ಔಷಧಿ ಅಂಗಡಿಯವನು ಚೀಟಿಯಲ್ಲಿನ ಗುಳಿಗೆ ಬದಲಿಸುವಂತಿಲ್ಲ, ಬದಲಿಸಲೂಬಾರದು. ಆಗಸ್ಟ್ 8ಕ್ಕೆ ಡಾಕ್ಟರು ಕರೆಸಿ ನೋಡಿದರು. ಬೈಯಲಿಲ್ಲ. "ಮೊದಲs ಹೇಳಬಾರದೇನ್ರೀ" ಅಂದರಂತೆ. ಇಸಿಜಿ, ಎಕೋ ನೋಡಿ, ಕೈಯಲ್ಲಿದ್ದ ಟಿಕಾಗ್ರೆಲರ್ ಮುಗಿದ ಮೇಲೆ ಕ್ಲೊಪಿಡೋಗ್ರೆಲ್ ಶುರು ಮಾಡಲು ಬರೆದರು. ಅದು ದಿನಕ್ಕೆ ಒಂದೇ, ಬೆಲೆ ಬಹಳ ಕಡಿಮೆ. ಎಲ್ಲರಿಗೂ ಹೀಗೆ ಬದಲಿಸಲು ಬರುವುದಿಲ್ಲ. ಯಾರಿಗೆ, ಯಾವಾಗ ಅನ್ನುವುದು ಡಾಕ್ಟರ ನಿರ್ಧಾರ.

ಉಳಿದ ಗುಳಿಗೆಗಳಿಗೆ ಜನೌಷಧಿ ಕೇಂದ್ರಕ್ಕೆ ಕಳಿಸಿದೆ. ನನ್ನ ವ್ಯಾಪಾರ ಅಲ್ಲಿಗೆ ಹೋಗುತ್ತದೆ, ಗೊತ್ತು. ಬಿಪಿ, ಶುಗರ್, ಕೊಲೆಸ್ಟರಾಲ್, ಆಸಿಡಿಟಿ ಎಲ್ಲದರ ಜೆನೆರಿಕ್ ಅಲ್ಲಿ ಸಿಕ್ಕಿತು. ಹೆಸರು ಬೇರೆ, ಒಳಗಿನ ಔಷಧಿ ಅದೇ. ಮಾಸ್ತರರಿಗೆ ಮೊದಲು ಅನುಮಾನ ಇತ್ತು. ಹಳೆಯ ಸ್ಟ್ರಿಪ್, ಹೊಸ ಸ್ಟ್ರಿಪ್ ಪಕ್ಕ ಪಕ್ಕ ಇಟ್ಟು ಸಣ್ಣ ಅಕ್ಷರ ಓದಿಸಿದೆ. ಈಗ ಎಲ್ಲ ಸೇರಿ 28 ದಿನಕ್ಕೆ 760 ರೂಪಾಯಿ. 3,300 ಇದ್ದದ್ದು.

60 ದಿನದ ಕ್ಲೇಮು ಉಳಿದಿತ್ತು. ಆಗಸ್ಟ್ 1ರವರೆಗಿನ ಖರ್ಚು ಕೇಳಬಹುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಲ್‌ಗಳನ್ನು ಎಸೆದಿದ್ದರು. ನನ್ನ ಅಂಗಡಿಯವನ್ನು ಮತ್ತೆ ಮುದ್ರಿಸಿ ಸೀಲು ಹಾಕಿ ಕೊಟ್ಟೆ. ಶುಗರ್ ಗುಳಿಗೆ ಬಿಟ್ಟು ಹೃದಯದ ಔಷಧಿ ಎರಡು ಸಲಕ್ಕೆ 5,360, ಜುಲೈ 2ರ ಡಾಕ್ಟರ ಫೀ 700, ಎಕೋ 1,500, ಒಟ್ಟು 7,560. ಕೋ-ಪೇ ಕಳೆದು 6,048 ಬಂತು. ಅವಧಿ ಮುಗಿದು 15 ದಿನದೊಳಗೆ ಕಳಿಸಬೇಕಿತ್ತು, ಆಗಸ್ಟ್ 11ಕ್ಕೆ ಕಳಿಸಿದೆವು. ಮಾಸ್ತರರು ಅರ್ಧ ಗುಳಿಗೆಯಲ್ಲೇ ಮುಂದುವರಿದಿದ್ದರೆ ಈ ಹಣವೂ ಕಡಿಮೆ ಬರುತ್ತಿತ್ತು. ಉಳಿಸುತ್ತಿದ್ದೇನೆ ಅಂದುಕೊಂಡು ಅವರು ಬಿಟ್ಟ ಗುಳಿಗೆಯ ಶೇ. 80 ಕಂಪನಿಯೇ ಕೊಡಬೇಕಿತ್ತು!

ದೊಡ್ಡ ಹಣದ ವಿಷಯ ಸುಲಭ ಇರಲಿಲ್ಲ. ಕಂಪನಿಯ ದೂರು ಅಧಿಕಾರಿಗೆ ಪತ್ರ ಬರೆದೆವು. ಎರಡು ವಾರದಲ್ಲಿ ಉತ್ತರ ಬಂತು: ಪಾಲಿಸಿ ಷರತ್ತಿನ ಪ್ರಕಾರ ಕಡಿತ ಸರಿಯಾಗಿದೆ. ಒಂದೇ ಸಾಲು. ಮಗ ಅಲ್ಲಿಗೇ ಕೈಬಿಡುವವನಿದ್ದ. ಇನ್ನೊಂದು ಪತ್ರ ಬರೆಸಿದೆ. ಈ ಸಲ ಭಾವನೆ ಬರೆಯಲಿಲ್ಲ, ಲೆಕ್ಕ ಬರೆದೆವು. ಸ್ಟೆಂಟ್ 13,500, ಔಷಧಿ 16,500, ಪರೀಕ್ಷೆ 4,875, ಇವನ್ನು 2020ರ ಜೂನ್‌ನ ನಿಯಮದ ಪ್ರಕಾರ ಕಡಿಯುವಂತಿಲ್ಲ, ಕೋ-ಪೇ ಕಳೆದು 27,900 ಕೊಡಿ, ಇಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗುತ್ತೇವೆ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಿದೆವು. 155255ಕ್ಕೆ ಫೋನ್ ಮಾಡಿಯೂ ದಾಖಲಿಸಬಹುದು.

ಒಂಬುಡ್ಸ್‌ಮನ್ ಹತ್ತಿರ ಹೋಗಲು ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ನಾವು ಹೋಗುವ ಪ್ರಸಂಗ ಬರಲಿಲ್ಲ. ಅಕ್ಟೋಬರ್‌ನಲ್ಲಿ 27,900 ರೂಪಾಯಿ ಮಗನ ಖಾತೆಗೆ ಬಂತು. ತಪ್ಪಾಯಿತು ಅಂತ ಎಲ್ಲೂ ಬರೆದಿರಲಿಲ್ಲ. ಆ ಹಣಕ್ಕೆ ಸ್ವಲ್ಪ ಸೇರಿಸಿ ಅಕ್ಕನ ಪಾಟ್ಲಿ ಬಿಡಿಸಿಕೊಂಡರು.

ಇನ್ನೂ ಉಳಿದಿರುವುದು

ಮಾಸ್ತರರ ಮನೆಗೆ ಎಪಿಎಲ್ ಕಾರ್ಡು. ಬಿಪಿಎಲ್ ಇದ್ದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತಿತ್ತು. ಎಪಿಎಲ್‌ನವರಿಗೆ ಸರ್ಕಾರ ಪ್ಯಾಕೇಜ್ ದರದ ಶೇ. 30 ಕೊಡುತ್ತದೆ, ಶೇ. 70 ಮನೆಯವರದು. ಅದೂ ಒಂದು ಬಗೆಯ ಕೋ-ಪೇ, ಅದೂ ಬಹಳ ದೊಡ್ಡದು. ಅಲ್ಲಿಯೂ ತಿಂಗಳ ಗುಳಿಗೆಗೆ ದಾರಿ ಇಲ್ಲ. ಸಂಬಳ ಇಎಸ್‌ಐಗೆ ಹೆಚ್ಚು, ಎಪಿಎಲ್‌ನಲ್ಲಿ ಬದುಕಲು ಕಡಿಮೆ. ನನ್ನ ಅಂಗಡಿಗೆ ಬರುವವರಲ್ಲಿ ಈ ನಡುವಿನವರೇ ಜಾಸ್ತಿ. ಸ್ಟ್ರಿಪ್ ಕತ್ತರಿಸಿ ಐದು ಗುಳಿಗೆ ಕೊಡ್ರಿ ಅನ್ನುವವರೂ ಇವರೇ.

2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಿಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಶೇ. 18 ಪೂರ್ತಿ ಹೋಯಿತು. ಒಳ್ಳೆಯದೇ. ಆ 4,950 ಉಳಿದರೆ ಈಗಿನ ದರದಲ್ಲಿ ಮಾಸ್ತರರ ಆರು ತಿಂಗಳ ಗುಳಿಗೆ ಬರುತ್ತದೆ. ಪಾಲಿಸಿ ನವೀಕರಿಸುವಾಗ ಹೆಚ್ಚು ಪ್ರೀಮಿಯಂ ಕಟ್ಟಿ ಕೋಣೆಯ ಮಿತಿ ತೆಗೆಸಬಹುದಾ ಅಂತ ಮಗ ಕೇಳಿಸುತ್ತಿದ್ದಾನೆ. ಕೋ-ಪೇ ತೆಗೆಸುವುದಕ್ಕಿಂತ ಮೊದಲು ಅದನ್ನೇ ಕೇಳು ಅಂತ ನಾನೇ ಹೇಳಿದ್ದು.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಒಬ್ಬನ ಕಷ್ಟವನ್ನು ಹತ್ತು ಜನ ಹೊರುವ ಲೆಕ್ಕ ಅದು. ಮಾಸ್ತರರಿಗೆ ಆ ದಿನ ಸಾಯಂಕಾಲದೊಳಗೆ 50,000 ಕೊಟ್ಟದ್ದೂ ಅಂಥದ್ದೇ ಒಂದು ಸಂಘ. ವಿಮೆ ಶುರುವಾದದ್ದೂ ಇದೇ ಲೆಕ್ಕದಿಂದ. ಹಾಗಿದ್ದಾಗ ಪಾಲು ಹಾಕುವವರು ರೋಗಿ ಯಾವ ಖರ್ಚನ್ನು ಬಿಟ್ಟರೆ ಜೀವಕ್ಕೆ ಅಪಾಯ ಅಂತ ಮೊದಲು ನೋಡಬೇಕಿತ್ತು. ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ವರ್ಷದ ಗುಳಿಗೆಯನ್ನು ಅದೇ ಕ್ಲೇಮಿನೊಳಗೆ ಸೇರಿಸಿ, 60 ದಿನಕ್ಕೆ ನಿಲ್ಲಿಸಬೇಡಿ ಅಂತ ಕೇಳುವುದು ದೊಡ್ಡ ಬೇಡಿಕೆ ಅಲ್ಲ ಅಂತ ನನಗೆ ಅನಿಸುತ್ತದೆ.

ಅಂಗಡಿಯಲ್ಲಿ ಈಗ ಒಂದು ಪದ್ಧತಿ ಮಾಡಿದ್ದೇನೆ. ಹೃದಯ, ಫಿಟ್ಸ್, ಶುಗರ್ ಗುಳಿಗೆ ಒಯ್ಯುವವರ ಮುಂದಿನ ತಾರೀಖನ್ನು ಬಿಲ್ ಮೇಲೆ ಬರೆಯುತ್ತೇವೆ. ಮೂರು ದಿನ ತಡವಾದರೆ ಹುಡುಗ ಫೋನ್ ಮಾಡುತ್ತಾನೆ. ದುಡ್ಡಿನ ತೊಂದರೆ ಇದೆಯಾ ಅಂತ ನೇರ ಕೇಳಬೇಡ, ಎಷ್ಟು ಗುಳಿಗೆ ಉಳಿದಿವೆ ಅಂತ ಕೇಳು ಅಂದಿದ್ದೇನೆ. ಉಳಿದದ್ದು ಜಾಸ್ತಿ ಇದ್ದರೆ ಉಳಿದ ಮಾತು ನಾನು ಆಡುತ್ತೇನೆ.

ಮಾಸ್ತರರು ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೆ ಎರಡು ಪುಟ್ಟ ಚೌಕ ಬರೆದಿದ್ದಾರೆ, ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಗುಳಿಗೆ ನುಂಗಿದ ಮೇಲೆ ಅಕ್ಕ ಬಣ್ಣ ತುಂಬುತ್ತಾರೆ, ಅವರಲ್ಲ. ನವೆಂಬರ್ 15, ಶನಿವಾರ ಇಬ್ಬರೂ ಅಂಗಡಿಗೆ ಬಂದಿದ್ದರು. ಎಷ್ಟು ಉಳಿದಾವ್ರೀ ಸರ್ ಅಂದೆ. ಅವರು ಬಾಯಿ ತೆರೆಯುವ ಮೊದಲೇ ಅಕ್ಕ, "ಒಂದ" ಅಂದರು.